ಅಚ್ಚುಮೊಳೆಯ ಪಾಯಿಂಟ್, ಹೊಲದ ಸರಪಳಿ

ಕಂಪ್ಯೂಟರಿನಲ್ಲಿ ಒಂದು ಅರ್ಜಿ ಸಿದ್ಧಪಡಿಸುವಾಗ ನೀವು ಅಕ್ಷರದ ಗಾತ್ರವನ್ನು 12 ಎಂದು ಆರಿಸುತ್ತೀರಿ. ಈ 12 ಏನು? ಸೆಂಟಿಮೀಟರೂ ಅಲ್ಲ, ಅಂಗುಲವೂ ಅಲ್ಲ. ಅದು 12 ಪಾಯಿಂಟ್. ಆ ಅರ್ಜಿಯೊಂದಿಗೆ ಲಗತ್ತಿಸುವ ಪಹಣಿಯಲ್ಲಿ ಜಮೀನಿನ ವಿಸ್ತೀರ್ಣ ಎಕರೆ, ಗುಂಟೆಗಳಲ್ಲಿ ಇರುತ್ತದೆ. ಎಕರೆಯ ಹಿಂದೆ ಇರುವುದು ಮೋಜಣಿದಾರನ ಸರಪಳಿ. ಪಾಯಿಂಟ್ ಮುದ್ರಣಕಾರನ ಉದ್ದ, ಸರಪಳಿ ಭೂಮಾಪಕನ ಉದ್ದ. ಒಂದು ಸಾಸಿವೆ ಕಾಳಿಗಿಂತ ಚಿಕ್ಕದು, ಇನ್ನೊಂದು ಕ್ರಿಕೆಟ್ ಪಿಚ್ಚಿನಷ್ಟು ದೊಡ್ಡದು.

ಎರಡೂ ಉದ್ದಗಳೇ ಆದ್ದರಿಂದ ಒಂದನ್ನು ಇನ್ನೊಂದಕ್ಕೆ ಪರಿವರ್ತಿಸಲು ಸಾಧ್ಯವಿರಬೇಕು. ಒಂದು ಸರಪಳಿಗೆ 66 ಅಡಿ, ಅಡಿಗೆ 12 ಅಂಗುಲ, ಅಂಗುಲಕ್ಕೆ 72 ಪಾಯಿಂಟ್. ಗುಣಿಸಿದರೆ 57,024 ಪಾಯಿಂಟ್. ಇದು ಏಳನೆಯ ತರಗತಿಯ ಲೆಕ್ಕ. ಆದರೆ ಇದೇ ಪ್ರಶ್ನೆಗೆ 57,237.84 ಎಂದೂ, 57,246.67 ಎಂದೂ, 53,506.18 ಎಂದೂ ಉತ್ತರ ಕೊಡಬಹುದು, ನಾಲ್ಕೂ ಸರಿಯೇ! ಅದು ಹೇಗೆ ಎಂಬುದನ್ನು ತಿಳಿಯಬೇಕಾದರೆ ಎರಡು ಕಸುಬುಗಳ ಇತಿಹಾಸವನ್ನು ನೋಡಬೇಕು.

ಗುಂಟರ್ ಕಂಡ ಉಪಾಯ

ಎಡ್ಮಂಡ್ ಗುಂಟರ್ (1581-1626) ಲಂಡನ್ನಿನ ಗ್ರೆಶಮ್ ಕಾಲೇಜಿನಲ್ಲಿ ಖಗೋಳ ವಿಜ್ಞಾನದ ಪ್ರಾಧ್ಯಾಪಕ. ಲಾಗರಿತಮ್ ಆಗಷ್ಟೇ ಬಳಕೆಗೆ ಬಂದಿದ್ದ ಕಾಲ ಅದು. ಲಾಗರಿತಮ್‌ಗಳನ್ನು ಒಂದು ಪಟ್ಟಿಯ ಮೇಲೆ ಗುರುತಿಸಿ, ಕೈವಾರದಿಂದ ಗುಣಾಕಾರ ಮಾಡುವ ವಿಧಾನವನ್ನು ತೋರಿಸಿಕೊಟ್ಟವನೂ ಅವನೇ. ಮುಂದೆ ಸ್ಲೈಡ್ ರೂಲ್ ಹುಟ್ಟಿದ್ದು ಈ ಪಟ್ಟಿಯಿಂದ.

ಇಂಗ್ಲೆಂಡಿನ ರೈತರು ಆಗ ಬಳಸುತ್ತಿದ್ದ ಅಳತೆಗಳು ಲೆಕ್ಕಕ್ಕೆ ಒಗ್ಗುವಂಥವಲ್ಲ. ಒಂದು ಕೋಲು ಎಂದರೆ ಹದಿನಾರೂವರೆ ಅಡಿ. 160 ಚದರ ಕೋಲು ಸೇರಿದರೆ ಒಂದು ಎಕರೆ. ಹೊಲದ ಉದ್ದ, ಅಗಲಗಳನ್ನು ಅಡಿಗಳಲ್ಲಿ ಅಳೆದರೆ ಎಕರೆಗೆ ತರಲು 43,560ರಿಂದ ಭಾಗಿಸಬೇಕು. ಗುಂಟರ್ ಈ ಅಳತೆಗಳನ್ನು ಕಿತ್ತೆಸೆಯಲಿಲ್ಲ. ಸುಮಾರು 1620ರಲ್ಲಿ ಅವನು ನಾಲ್ಕು ಕೋಲಿನಷ್ಟು, ಎಂದರೆ 66 ಅಡಿ ಉದ್ದದ ಒಂದು ಸರಪಳಿಯನ್ನು ರೂಪಿಸಿ, ಅದನ್ನು 100 ಕೊಂಡಿಗಳಾಗಿ ವಿಭಾಗಿಸಿದ. ಒಂದು ಕೊಂಡಿಯ ಉದ್ದ 7.92 ಅಂಗುಲ.

7.92 ಎಂಬ ಸಂಖ್ಯೆ ನೋಡಲು ವಿಚಿತ್ರ. ಆದರೆ ಅದರ ಫಲವನ್ನು ಗಮನಿಸಿ. 10 ಚದರ ಸರಪಳಿ ಎಂದರೆ ಸರಿಯಾಗಿ ಒಂದು ಎಕರೆ. 10 ಸರಪಳಿ ಒಂದು ಫರ್ಲಾಂಗು, 80 ಸರಪಳಿ ಒಂದು ಮೈಲಿ. ಒಂದು ಹೊಲ 6 ಸರಪಳಿ 25 ಕೊಂಡಿ ಉದ್ದ, 4 ಸರಪಳಿ ಅಗಲ ಇದೆಯೆನ್ನಿ. 6.25ನ್ನು 4ರಿಂದ ಗುಣಿಸಿದರೆ 25 ಚದರ ಸರಪಳಿ. ದಶಾಂಶ ಬಿಂದುವನ್ನು ಒಂದು ಸ್ಥಾನ ಎಡಕ್ಕೆ ಸರಿಸಿದರೆ ಎರಡೂವರೆ ಎಕರೆ. ಭಾಗಾಕಾರವೇ ಬೇಕಿಲ್ಲ. ಫ್ರಾನ್ಸಿನಲ್ಲಿ ಮೀಟರ್ ಹುಟ್ಟುವುದಕ್ಕೆ ಸುಮಾರು 170 ವರ್ಷ ಮೊದಲೇ ಗುಂಟರ್ ಹಳೆಯ ಅಳತೆಯ ಒಳಗೆ ದಶಮಾನವನ್ನು ಅಡಗಿಸಿ ಇಟ್ಟಿದ್ದ.

ಗುಂಟೆ, ಆಣೆ, ಸೆಂಟು

ಈ ಸರಪಳಿ ಬ್ರಿಟಿಷರೊಂದಿಗೆ ಭಾರತಕ್ಕೆ ಬಂತು. ಮುಂಬಯಿ ಪ್ರಾಂತ್ಯದ ಕಂದಾಯ ಮೋಜಣಿಯಲ್ಲಿ ಅದರ ಅರ್ಧದಷ್ಟು, ಎಂದರೆ 33 ಅಡಿಯ ಸರಪಳಿಯನ್ನು ಬಳಸಿದರು. ಅದರ ಮೇಲೆ ನೂರು ಕೊಂಡಿಗಳ ಬದಲು 16 ಆಣೆಗಳ ವಿಭಾಗ ಬಂತು. ರೂಪಾಯಿಗೆ ಹದಿನಾರು ಆಣೆ ಎಂದು ಎಣಿಸಿ ಅಭ್ಯಾಸವಾದ ಜನಕ್ಕೆ ಸರಪಳಿಗೂ ಹದಿನಾರು ಆಣೆ! 33 ಅಡಿ ಉದ್ದ, 33 ಅಡಿ ಅಗಲದ ಚೌಕವೇ ಒಂದು ಗುಂಟೆ: 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. ಧಾರವಾಡ, ಬೆಳಗಾವಿ ಭಾಗಗಳು ಮುಂಬಯಿ ಪ್ರಾಂತ್ಯದಲ್ಲಿದ್ದವು. ಮೈಸೂರಿನಲ್ಲಿ 1863ರಲ್ಲಿ ಪ್ರಾರಂಭವಾದ ಕಂದಾಯ ಮೋಜಣಿಯೂ ಮುಂಬಯಿಯ ಮಾದರಿಯನ್ನೇ ಅನುಸರಿಸಿತು.

ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ ಮಾತ್ರ ಬೇರೆ ಪದ್ಧತಿ. ಅಲ್ಲಿ ಇಂದಿಗೂ ಜಮೀನನ್ನು ಸೆಂಟುಗಳಲ್ಲಿ ಹೇಳುತ್ತಾರೆ. ಸೆಂಟು ಎಂದರೆ ಎಕರೆಯ ನೂರನೆಯ ಒಂದು ಭಾಗ, 435.6 ಚದರ ಅಡಿ. ಇದನ್ನು ಗುಂಟರ್‌ನ ಕೊಂಡಿಗಳಲ್ಲಿ ಹೇಳಿದರೆ ಸರಿಯಾಗಿ 1,000 ಚದರ ಕೊಂಡಿ. ಹೀಗೆ ಒಂದೇ ಸರಪಳಿ ಘಟ್ಟದ ಮೇಲೆ ಹದಿನಾರರ ಲೆಕ್ಕವಾಯಿತು, ಘಟ್ಟದ ಕೆಳಗೆ ನೂರರ ಲೆಕ್ಕವಾಯಿತು. ಒಂದು ಗುಂಟೆಗೆ ಎರಡೂವರೆ ಸೆಂಟು ಎಂಬ ಪರಿವರ್ತನೆ ಎರಡರ ನಡುವಿನ ಸೇತುವೆ.

ಮೊಳೆಗಳಿಗೂ ಒಂದು ಅಳತೆ

ಈಗ ಅಚ್ಚುಕೂಟಕ್ಕೆ ಬನ್ನಿ. ಸೀಸದ ಮೊಳೆಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದ ಕಾಲದಲ್ಲಿ ಎಲ್ಲ ಮೊಳೆಗಳ ಎತ್ತರ, ದಪ್ಪಗಳು ಒಂದಕ್ಕೊಂದು ಹೊಂದಬೇಕಿತ್ತು. ಹೊಂದದಿದ್ದರೆ ಸಾಲು ಸಡಿಲವಾಗಿ ಮೊಳೆಗಳು ಉದುರುತ್ತಿದ್ದವು. ಬಹುಕಾಲ ಮೊಳೆಯ ಗಾತ್ರಗಳಿಗೆ ಸಂಖ್ಯೆಗಳಿರಲಿಲ್ಲ, ಪೈಕಾ, ಬ್ರೆವಿಯರ್, ನಾನ್‌ಪರೇಲ್ ಮುಂತಾದ ಹೆಸರುಗಳಿದ್ದವು. ಒಬ್ಬ ಎರಕದವನ ಪೈಕಾ ಇನ್ನೊಬ್ಬನ ಪೈಕಾದೊಂದಿಗೆ ಹೊಂದುತ್ತಿರಲಿಲ್ಲ.

ಪ್ಯಾರಿಸ್ಸಿನ ಪಿಯರ್ ಸಿಮೋನ್ ಫೂರ್ನಿಯೆ 1737ರಲ್ಲಿ ಮೊಳೆಗಳ ಗಾತ್ರವನ್ನು ಪಾಯಿಂಟ್‌ಗಳಲ್ಲಿ ಹೇಳುವ ಕೋಷ್ಟಕವನ್ನು ಪ್ರಕಟಿಸಿದ. ಅನಂತರ ತನ್ನ ಪುಸ್ತಕದಲ್ಲಿ ಅಳತೆಯ ಪಟ್ಟಿಯನ್ನೂ ಅಚ್ಚು ಮಾಡಿದ. ಆದರೆ ಆ ಕಾಲದಲ್ಲಿ ಕಾಗದವನ್ನು ತೇವ ಮಾಡಿ ಅಚ್ಚು ಹಾಕುತ್ತಿದ್ದರು. ಒಣಗಿದ ಮೇಲೆ ಕಾಗದ ಕುಗ್ಗುತ್ತದೆ, ಅದರೊಂದಿಗೆ ಪಟ್ಟಿಯೂ ಕುಗ್ಗುತ್ತದೆ. ಅಳತೆಯ ಮಾನಕವನ್ನು ಕಾಗದದ ಮೇಲೆ ಇಟ್ಟರೆ ಆಗುವ ತೊಂದರೆ ಇದು. ಇದನ್ನು ನೆನಪಿಟ್ಟುಕೊಳ್ಳಿ, ಗ್ರಾಮನಕ್ಷೆಯ ವಿಷಯ ಬಂದಾಗ ಬೇಕಾಗುತ್ತದೆ.

1780ರ ದಶಕದಲ್ಲಿ ಫ್ರಾನ್ಸ್ವಾ ಆಂಬ್ರೋಸ್ ದಿದೋ ಪಾಯಿಂಟನ್ನು ದೇಶದ ಕಾನೂನುಬದ್ಧ ಅಳತೆಗೇ ಕಟ್ಟಿಹಾಕಿದ. ಆಗ ಫ್ರಾನ್ಸಿನಲ್ಲಿದ್ದದ್ದು 'ರಾಜನ ಅಡಿ', ಇಂದಿನ ಲೆಕ್ಕದಲ್ಲಿ ಸುಮಾರು 324.84 ಮಿಲಿಮೀಟರ್. ಅಡಿಗೆ 12 ಅಂಗುಲ, ಅಂಗುಲಕ್ಕೆ 12 ಗೆರೆ. ಒಂದು ಗೆರೆಯನ್ನು ದಿದೋ 6 ಭಾಗ ಮಾಡಿದ. ಆಗ ಅಂಗುಲಕ್ಕೆ 72 ಪಾಯಿಂಟ್ ಆಯಿತು. 72ನ್ನು 2, 3, 4, 6, 8, 9, 12 ಇವೆಲ್ಲವುಗಳಿಂದ ಶೇಷವಿಲ್ಲದೆ ಭಾಗಿಸಬಹುದು. ಪುಟವನ್ನು ಅರ್ಧ, ಮೂರನೆಯ ಒಂದು, ಕಾಲು ಎಂದು ಹಂಚುವ ಮುದ್ರಣಕಾರನಿಗೆ ಇದು ಅನುಕೂಲ. ಗುಂಟರ್‌ನಿಗೆ ಗುಣಾಕಾರ ಸುಲಭವಾಗಬೇಕಿತ್ತು, ಆದ್ದರಿಂದ 100. ದಿದೋಗೆ ಹಂಚಿಕೆ ಸುಲಭವಾಗಬೇಕಿತ್ತು, ಆದ್ದರಿಂದ 72.

ಭೂಮಿಯನ್ನು ಅಳೆದ ಅಡಿ

ಇಲ್ಲೊಂದು ಸ್ವಾರಸ್ಯವಿದೆ. ದಿದೋ ಮೊಳೆಗೆ ಬಳಸಿದ ಅದೇ ರಾಜನ ಅಡಿಯಿಂದ ಫ್ರಾನ್ಸಿನ ವಿಜ್ಞಾನಿಗಳು ಭೂಮಿಯನ್ನು ಅಳೆದಿದ್ದರು. ಆರು ಅಡಿಗೆ ಒಂದು ತ್ವಾಸ್. 1735ರಲ್ಲಿ ದಕ್ಷಿಣ ಅಮೆರಿಕಕ್ಕೆ ಹೊರಟ ಗೋದ್ಯಾ, ಬೂಗೇರ್ ಮತ್ತು ಲಾ ಕೋಂದಮೀನ್ ಅವರ ತಂಡ ಭೂಮಧ್ಯರೇಖೆಯ ಬಳಿ ರೇಖಾಂಶದ ಒಂದು ಭಾಗವನ್ನು ಅಳೆಯಲು ಒಯ್ದದ್ದು ಕಬ್ಬಿಣದ ತ್ವಾಸ್ ಪಟ್ಟಿಯನ್ನು. 'ಪೆರುವಿನ ತ್ವಾಸ್' ಎಂದು ಹೆಸರಾದ ಆ ಪಟ್ಟಿಯೇ 1766ರಲ್ಲಿ ಫ್ರಾನ್ಸಿನ ಅಧಿಕೃತ ಮಾನಕವಾಯಿತು. 1799ರಲ್ಲಿ ಮೀಟರನ್ನು ನಿಗದಿಪಡಿಸಿದಾಗ ಅದರ ಉದ್ದವನ್ನು ಹೇಳಿದ್ದೂ ಹಳೆಯ ಗೆರೆಗಳಲ್ಲೇ: ಒಂದು ಮೀಟರ್ ಎಂದರೆ 443.296 ಗೆರೆ.

ಗೆರೆಗೆ 6 ಪಾಯಿಂಟ್ ಅಲ್ಲವೆ? ಹಾಗಾದರೆ ಒಂದು ಮೀಟರಿಗೆ 2,659.776 ದಿದೋ ಪಾಯಿಂಟ್. ಒಂದು ದಿದೋ ಪಾಯಿಂಟ್ ಸುಮಾರು 0.376 ಮಿಲಿಮೀಟರ್. ತ್ವಾಸ್ ಬಳಕೆ ತಪ್ಪಿಹೋಯಿತು, ರಾಜನೂ ಹೋದ. ಆದರೆ ರಾಜನ ಅಡಿಯ ಒಂದು ಚೂರು ಯೂರೋಪಿನ ಅಚ್ಚುಕೂಟಗಳಲ್ಲಿ ಇಪ್ಪತ್ತನೆಯ ಶತಮಾನದವರೆಗೂ ಉಳಿದುಕೊಂಡಿತು. ಕಾನೂನು ಬದಲಾಯಿಸಿದಷ್ಟು ಸುಲಭವಾಗಿ ಎರಕದ ಅಚ್ಚುಗಳನ್ನು ಬದಲಾಯಿಸಲು ಬರುವುದಿಲ್ಲ.

ಪೈಕಾದಲ್ಲಿ ಉಳಿದ ಕೊರತೆ

ಅಮೆರಿಕದಲ್ಲೂ ಇದೇ ಕಾರಣ ಕೆಲಸ ಮಾಡಿತು. 1871ರಲ್ಲಿ ಶಿಕಾಗೋ ನಗರಕ್ಕೆ ಬಿದ್ದ ಬೆಂಕಿಯಲ್ಲಿ ಮಾರ್ಡರ್ ಲೂಸ್ ಎಂಬ ಮೊಳೆ ಎರಕದ ಕಾರ್ಖಾನೆ ಸುಟ್ಟುಹೋಯಿತು. ಹೇಗೂ ಎಲ್ಲವನ್ನೂ ಹೊಸದಾಗಿ ಮಾಡಬೇಕಾಗಿದ್ದ ಆ ಸಂಸ್ಥೆ ಪಾಯಿಂಟ್ ಪದ್ಧತಿಯ ಮೊಳೆಗಳನ್ನು ಹೊರತಂದಿತು. ಉಳಿದವರೂ ಒಂದೇ ಪದ್ಧತಿಗೆ ಬರಬೇಕೆಂಬ ಒತ್ತಾಯ ಬೆಳೆಯಿತು. 1886ರಲ್ಲಿ ಅಮೆರಿಕದ ಎರಕದವರ ಸಂಘ ಒಂದು ತೀರ್ಮಾನಕ್ಕೆ ಬಂತು. 12 ಪಾಯಿಂಟಿಗೆ ಒಂದು ಪೈಕಾ.

ಪೈಕಾ ಅಂಗುಲದ ಆರನೆಯ ಒಂದು ಭಾಗ, ಎಂದರೆ 0.16667 ಅಂಗುಲ ಆಗಿದ್ದರೆ ಎಲ್ಲವೂ ಸರಳವಾಗುತ್ತಿತ್ತು. ಆದರೆ ದೊಡ್ಡ ಕಾರ್ಖಾನೆಯಾದ ಮೆಕೆಲರ್, ಸ್ಮಿತ್ಸ್ ಅಂಡ್ ಜೋರ್ಡನ್ ಆಗಲೇ ಬಳಸುತ್ತಿದ್ದ ಪೈಕಾ ಸುಮಾರು 0.166 ಅಂಗುಲದ್ದು. ಅದನ್ನೇ ಒಪ್ಪಿಕೊಂಡರು. 83 ಪೈಕಾ ಸೇರಿದರೆ 35 ಸೆಂಟಿಮೀಟರ್ ಎಂದು ವ್ಯಾಖ್ಯೆ ಕೊಟ್ಟರು. ಅಂದರೆ 996 ಪಾಯಿಂಟಿಗೆ 35 ಸೆಂಟಿಮೀಟರ್. ಅಂಗುಲಕ್ಕೆ 72 ಅಲ್ಲ, ಸುಮಾರು 72.28 ಪಾಯಿಂಟ್. 1898ರಲ್ಲಿ ಬ್ರಿಟನ್ನಿನ ಎರಕದವರೂ ಈ ಪಾಯಿಂಟನ್ನೇ ಸ್ವೀಕರಿಸಿದರು.

ಕಂಪ್ಯೂಟರ್ ಬಂದ ಮೇಲೆ ಪಾಯಿಂಟ್ ಮತ್ತೆರಡು ರೂಪ ತಾಳಿತು. ಗಣಿತದ ಪುಸ್ತಕಗಳನ್ನು ಅಂದವಾಗಿ ಜೋಡಿಸಲೆಂದು ಡೊನಾಲ್ಡ್ ಕ್ನೂತ್ 1978ರಲ್ಲಿ ಹೊರತಂದ 'ಟೆಕ್' ತಂತ್ರಾಂಶ ಅಮೆರಿಕದ ಹಳೆಯ ಪಾಯಿಂಟನ್ನು ಗೌರವಿಸಿ, ಅಂಗುಲಕ್ಕೆ ನಿಖರವಾಗಿ 72.27 ಎಂದು ಇಟ್ಟುಕೊಂಡಿತು. ಅಡೋಬಿ ಸಂಸ್ಥೆ 1984ರಲ್ಲಿ ತಂದ 'ಪೋಸ್ಟ್‌ಸ್ಕ್ರಿಪ್ಟ್' ಭಾಷೆ ಮಾತ್ರ ಅಂಗುಲಕ್ಕೆ ಸರಿಯಾಗಿ 72 ಎಂದಿತು. ಇಂದಿನ ಪಿಡಿಎಫ್ ಕಡತಗಳು ಪಾಲಿಸುವುದೂ ಇದನ್ನೇ. ಡಿಟಿಪಿ ಮಾಡುವವರ ಪಾಯಿಂಟ್ ಇದು, 0.3528 ಮಿಲಿಮೀಟರ್.

ಒಂದು ಸರಪಳಿ, ನಾಲ್ಕು ಉತ್ತರ

ಈಗ ಮೊದಲಿನ ಪ್ರಶ್ನೆಗೆ ಮರಳೋಣ. ಅಂಗುಲವನ್ನು 25.4 ಮಿಲಿಮೀಟರ್ ಎಂದು ತೆಗೆದುಕೊಂಡರೆ ಗುಂಟರ್ ಸರಪಳಿಯ ಉದ್ದ 792 ಅಂಗುಲ, ಎಂದರೆ 20.1168 ಮೀಟರ್. ಇದರಲ್ಲಿರುವ ಪಾಯಿಂಟ್‌ಗಳು:

ಡಿಟಿಪಿ ಪಾಯಿಂಟ್ (ಅಂಗುಲಕ್ಕೆ 72): 57,024
ಟೆಕ್ ಪಾಯಿಂಟ್ (ಅಂಗುಲಕ್ಕೆ 72.27): 57,237.84
1886ರ ಅಮೆರಿಕನ್ ಪಾಯಿಂಟ್ (35 ಸೆಂ.ಮೀ.ಗೆ 996): 57,246.67
ದಿದೋ ಪಾಯಿಂಟ್ (ಮೀಟರಿಗೆ 2,659.776): 53,506.18

ದಿದೋ ಪಾಯಿಂಟಿಗೂ ಮಿಕ್ಕವಕ್ಕೂ ಶೇಕಡ 7ರಷ್ಟು ಅಂತರ. ಇಷ್ಟು ದೊಡ್ಡ ತಪ್ಪು ಆದರೆ ಕೂಡಲೆ ಕಣ್ಣಿಗೆ ಬೀಳುತ್ತದೆ. ಅಪಾಯ ಇರುವುದು ಡಿಟಿಪಿ ಮತ್ತು ಟೆಕ್ ಪಾಯಿಂಟ್‌ಗಳ ನಡುವೆ. ಅಲ್ಲಿ ಅಂತರ ಶೇಕಡ 0.375 ಮಾತ್ರ. 12 ಪಾಯಿಂಟಿನ ಅಕ್ಷರದಲ್ಲಿ ಇದು ಕಾಣುವುದೇ ಇಲ್ಲ. ಆದರೆ ಒಂದು ಸರಪಳಿಯಲ್ಲಿ ಸುಮಾರು 3 ಅಂಗುಲ, ಒಂದು ಮೈಲಿಯಲ್ಲಿ ಸುಮಾರು 20 ಅಡಿ. ವಿಸ್ತೀರ್ಣದಲ್ಲಿ ತಪ್ಪು ಇಮ್ಮಡಿಯಾಗುತ್ತದೆ, ಏಕೆಂದರೆ ಉದ್ದ, ಅಗಲ ಎರಡರಲ್ಲೂ ಅದು ಸೇರುತ್ತದೆ. ಒಂದು ಎಕರೆಗೆ ಸುಮಾರು 0.3 ಗುಂಟೆ, ಎಂದರೆ ಸುಮಾರು 327 ಚದರ ಅಡಿ ಹೆಚ್ಚುಕಡಿಮೆ. ಮೂವತ್ತು-ನಲವತ್ತರ ಒಂದು ನಿವೇಶನದ ಕಾಲುಭಾಗಕ್ಕಿಂತ ಹೆಚ್ಚು!

ಅಡಿ ಎಂದರೆ ಯಾವ ಅಡಿ?

ಪಾಯಿಂಟ್ ಒಂದೇ ಅಲೆದಾಡುವ ಅಳತೆ, ಅಡಿ ಮಾತ್ರ ಸ್ಥಿರ ಎಂದು ನೀವು ಭಾವಿಸಬಹುದು. ಅದೂ ಹಾಗಿಲ್ಲ. ಕರ್ನಲ್ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಒಂದು ಆಧಾರರೇಖೆಯನ್ನು ಅಳೆದ. ಮುಂದೆ ಭಾರತದ ಮಹಾ ತ್ರಿಕೋನಮಿತೀಯ ಮೋಜಣಿಯಾಗಿ ಬೆಳೆದ ಕೆಲಸಕ್ಕೆ ಅದು ಪೀಠಿಕೆ. ಅವನು ಬಳಸಿದ್ದು ಗುಂಟರ್ ಸರಪಳಿಯಲ್ಲ, 100 ಅಡಿಯ ಉಕ್ಕಿನ ಸರಪಳಿ. ಎರಡೂವರೆ ಅಡಿಯ 40 ಕೊಂಡಿಗಳು. ಬಿಸಿಲಿಗೆ ಉಕ್ಕು ಹಿಗ್ಗುತ್ತದೆ. 100 ಅಡಿಯ ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.35 ಮಿಲಿಮೀಟರ್, ಎಂದರೆ ಒಂದು ಪಾಯಿಂಟಿನಷ್ಟು ಹಿಗ್ಗುತ್ತದೆ! ಆದ್ದರಿಂದ ಸರಪಳಿಯ ಪಕ್ಕದಲ್ಲಿ ಉಷ್ಣತಾಮಾಪಕಗಳನ್ನಿಟ್ಟು, ಪ್ರತಿಯೊಂದು ಅಳತೆಗೂ ತಿದ್ದುಪಡಿ ಮಾಡುತ್ತಿದ್ದರು.

ಜಾರ್ಜ್ ಎವರೆಸ್ಟ್ 1830ರಲ್ಲಿ ಭೂಮಿಯ ಸಮಭಾಜಕ ತ್ರಿಜ್ಯವನ್ನು 2,09,22,931.8 ಅಡಿ ಎಂದು ಕೊಟ್ಟ. ಇದನ್ನು ಮೀಟರಿಗೆ ತಿರುಗಿಸುವಾಗ ಪ್ರಶ್ನೆ ಎದ್ದಿತು: ಎವರೆಸ್ಟನ ಅಡಿ ಎಷ್ಟು ಮೀಟರ್? 1937ರ ಪರಿವರ್ತನೆಯಲ್ಲಿ ಭಾರತೀಯ ಅಡಿ 0.30479841 ಮೀಟರ್, 1962ರದರಲ್ಲಿ 0.3047996, 1975ರದರಲ್ಲಿ 0.3047995. ಏಳನೆಯ ದಶಾಂಶ ಸ್ಥಾನದ ಸುತ್ತಮುತ್ತ ಇರುವ ಈ ವ್ಯತ್ಯಾಸ ಎಷ್ಟರದು? ನೀವೇ ಗುಣಿಸಿ ನೋಡಿ. ಮೊದಲನೆಯದರಿಂದ ತ್ರಿಜ್ಯ 63,77,276 ಮೀಟರ್, ಎರಡನೆಯದರಿಂದ 63,77,301 ಮೀಟರ್. ಎವರೆಸ್ಟ್ ಬರೆದ ಅಂಕಿಗಳಲ್ಲಿ ಒಂದೂ ಬದಲಾಗದೆ ಭೂಮಿಯ ತ್ರಿಜ್ಯ 25 ಮೀಟರ್ ಬದಲಾಯಿತು!

1959ರಲ್ಲಿ ಅಮೆರಿಕ, ಬ್ರಿಟನ್ ಮೊದಲಾದ ಆರು ದೇಶಗಳು ಗಜವನ್ನು 0.9144 ಮೀಟರ್ ಎಂದು ಒಪ್ಪಿಕೊಂಡವು. ಆಗ ಅಡಿ ಸರಿಯಾಗಿ 0.3048 ಮೀಟರ್ ಆಯಿತು. ಆದರೂ ಅಮೆರಿಕದ ಮೋಜಣಿದಾರರು ತಮ್ಮ ಹಳೆಯ ದಾಖಲೆಗಳಿಗಾಗಿ 3,937 ಅಡಿಗೆ 1,200 ಮೀಟರ್ ಎಂಬ 1893ರ ಅಡಿಯನ್ನೇ ಉಳಿಸಿಕೊಂಡರು. ಎರಡಕ್ಕೂ ಇರುವ ವ್ಯತ್ಯಾಸ ಹತ್ತು ಲಕ್ಷದಲ್ಲಿ ಎರಡು ಭಾಗ. ಆ 'ಮೋಜಣಿ ಅಡಿ'ಯನ್ನು ಅಲ್ಲಿ ಕೈಬಿಟ್ಟದ್ದು 2022ರ ಕೊನೆಗೆ.

ವಿದ್ಯಾರ್ಥಿಗಳು ಇಲ್ಲಿ ಎರಡು ತಪ್ಪುಗಳ ಗಾತ್ರವನ್ನು ಹೋಲಿಸಿ ನೋಡಬೇಕು. ಅಡಿಯ ವ್ಯಾಖ್ಯೆ ಬದಲಾದರೆ ಹತ್ತು ಲಕ್ಷದಲ್ಲಿ ಎರಡೋ ಐದೋ ಭಾಗ. ಪಾಯಿಂಟಿನ ವ್ಯಾಖ್ಯೆ ಬದಲಾದರೆ ಹತ್ತು ಲಕ್ಷದಲ್ಲಿ 3,750 ಭಾಗ. ಒಂದು ಹೊಲವನ್ನು ಅಳೆಯುವವನಿಗೆ ಮೊದಲನೆಯದು ಲೆಕ್ಕಕ್ಕೇ ಇಲ್ಲ; ಒಂದು ದೇಶವನ್ನು ಅಳೆಯುವವನಿಗೆ ಅದೂ ಮುಖ್ಯ. ಎಷ್ಟು ದಶಾಂಶ ಸ್ಥಾನ ಬೇಕು ಎಂಬುದನ್ನು ಅಳೆಯುವ ವಸ್ತುವೇ ನಿರ್ಧರಿಸುತ್ತದೆ.

ಗ್ರಾಮನಕ್ಷೆಯ ಮೇಲೆ ಒಂದು ಗೆರೆ

ಪಾಯಿಂಟನ್ನು ಸರಪಳಿಗೆ ಪರಿವರ್ತಿಸುವ ಲೆಕ್ಕ ಬರಿಯ ಕುತೂಹಲವೇ? ಅಲ್ಲ. ಇವೆರಡೂ ನಿಜವಾಗಿ ಸಂಧಿಸುವ ಜಾಗ ಒಂದಿದೆ. ಅದು ಅಚ್ಚಾದ ನಕ್ಷೆ.

ನಮ್ಮ ಹಳೆಯ ಗ್ರಾಮನಕ್ಷೆಗಳ ಪ್ರಮಾಣ 1:7,920. ಈ ಸಂಖ್ಯೆ ಎಲ್ಲಿಂದ ಬಂತೆಂದು ಈಗ ನಿಮಗೆ ಹೊಳೆದಿರಬೇಕು. ನಕ್ಷೆಯ ಒಂದು ಅಂಗುಲಕ್ಕೆ ನೆಲದ ಮೇಲೆ 7,920 ಅಂಗುಲ, ಎಂದರೆ 10 ಸರಪಳಿ. ನಕ್ಷೆಯ ಮೇಲಿನ ಒಂದು ಚದರ ಅಂಗುಲ ಹತ್ತು ಎಕರೆ. ಅಂಗುಲದಲ್ಲಿ 72 ಪಾಯಿಂಟ್ ಇರುವುದರಿಂದ ನಕ್ಷೆಯ ಒಂದು ಪಾಯಿಂಟ್ ನೆಲದ ಮೇಲೆ 110 ಅಂಗುಲ, ಎಂದರೆ 9 ಅಡಿ 2 ಅಂಗುಲ.

ಇದರ ಅರ್ಥವೇನು? ಎರಡು ಸರ್ವೆ ನಂಬರುಗಳ ನಡುವೆ ಎಳೆದ ಗೆರೆಯ ದಪ್ಪ ಒಂದು ಪಾಯಿಂಟ್ ಇದ್ದರೆ ಆ ಗೆರೆಯೇ ಒಂಬತ್ತು ಅಡಿ ಅಗಲದ ನೆಲವನ್ನು ಮುಚ್ಚುತ್ತದೆ. ಅದು ಎತ್ತಿನ ಗಾಡಿ ಆರಾಮವಾಗಿ ಹೋಗುವಷ್ಟು ಜಾಗ. ತೆಳುವಾದ ಕಾಲು ಮಿಲಿಮೀಟರ್ ಗೆರೆಯೂ ಸುಮಾರು ಆರೂವರೆ ಅಡಿ. ನಕ್ಷೆಯ ಮೇಲೆ ಸ್ಕೇಲಿಟ್ಟು "ಬದು ಮೂರು ಅಡಿ ಒತ್ತುವರಿಯಾಗಿದೆ" ಎಂದು ಯಾರಾದರೂ ಹೇಳಿದರೆ ಅವರು ಗೆರೆಯ ದಪ್ಪದ ಒಳಗೇ ಜಗಳವಾಡುತ್ತಿದ್ದಾರೆ ಎಂದಾಯಿತು.

ಇನ್ನು ಪಿಡಿಎಫ್ ನಕ್ಷೆ. ಕಡತದ ಒಳಗೆ ಅಳತೆಗಳು ಪಾಯಿಂಟಿನಲ್ಲೇ ಇರುತ್ತವೆ. 60 ಸೆಂಟಿಮೀಟರ್ ಅಗಲದ ನಕ್ಷೆಯನ್ನು 21 ಸೆಂಟಿಮೀಟರಿನ ಹಾಳೆಗೆ ಹೊಂದುವಂತೆ ಕುಗ್ಗಿಸಿ ಅಚ್ಚು ಹಾಕಿಸಿದರೆ ಪ್ರಮಾಣ ಸುಮಾರು 1:22,600 ಆಗುತ್ತದೆ. ಒಂದು ಪಾಯಿಂಟ್ ಸುಮಾರು 26 ಅಡಿ ಆಗುತ್ತದೆ. ಆದರೆ ಹಾಳೆಯ ಮೇಲಿನ ಬರಹ 1:7,920 ಎಂದೇ ಇರುತ್ತದೆ! ಜೊತೆಗೆ ಹಳೆಯ ಮೂಲನಕ್ಷೆಯ ಕಾಗದ ಫೂರ್ನಿಯೆಯ ಪಟ್ಟಿಯಂತೆ ಕುಗ್ಗಿರಲೂಬಹುದು. ಹಾಗಾಗಿ ಬರೆದ ಪ್ರಮಾಣವನ್ನು ನಂಬದೆ, ನಕ್ಷೆಯಲ್ಲೇ ಎಳೆದಿರುವ ಅಳತೆಪಟ್ಟಿಯನ್ನು ನಂಬಬೇಕು. ಕಾಗದ ಕುಗ್ಗಿದರೆ ಅದೂ ಕುಗ್ಗುತ್ತದೆ, ಹಿಗ್ಗಿದರೆ ಅದೂ ಹಿಗ್ಗುತ್ತದೆ.

ಅನುಭವಿ ಮೋಜಣಿದಾರರು ಗಡಿಯನ್ನು ಗೊತ್ತುಮಾಡಲು ಗ್ರಾಮನಕ್ಷೆಯ ಗೆರೆಯನ್ನು ನೆಚ್ಚುವುದಿಲ್ಲ. ಮೂಲ ಮೋಜಣಿಯ ಟಿಪ್ಪಣಿಯಲ್ಲಿ ಬರೆದಿಟ್ಟ ಸರಪಳಿ, ಆಣೆಗಳ ಅಂಕಿಗಳನ್ನೂ ನೆಲದಲ್ಲಿ ನೆಟ್ಟ ಗಡಿಕಲ್ಲುಗಳನ್ನೂ ನೋಡುತ್ತಾರೆ. ಎಳೆದ ಗೆರೆಗೆ ದಪ್ಪವಿದೆ, ಬರೆದ ಅಂಕಿಗೆ ದಪ್ಪವಿಲ್ಲ.

ಶಿಕ್ಷಕರು ತರಗತಿಯಲ್ಲಿ ಇದನ್ನು ಸುಲಭವಾಗಿ ಮಾಡಿಸಬಹುದು. ಕಂಪ್ಯೂಟರಿನಲ್ಲಿ 720 ಪಾಯಿಂಟ್ ಉದ್ದದ ಒಂದು ಗೆರೆ ಎಳೆದು, ಒಮ್ಮೆ ನಿಜ ಗಾತ್ರದಲ್ಲಿ, ಇನ್ನೊಮ್ಮೆ ಹಾಳೆಗೆ ಹೊಂದಿಸಿ ಅಚ್ಚು ಹಾಕಿಸಿ. ಮಕ್ಕಳು ಎರಡನ್ನೂ ಸ್ಕೇಲಿನಿಂದ ಅಳೆಯಲಿ. ಮೊದಲನೆಯದು 25.4 ಸೆಂಟಿಮೀಟರ್ ಬರಬೇಕು. ಅದು ಗ್ರಾಮನಕ್ಷೆಯ ಮೇಲಿನ ಗೆರೆಯಾಗಿದ್ದರೆ ಹೊಲದಲ್ಲಿ 100 ಸರಪಳಿ, ಎಂದರೆ ಒಂದೂಕಾಲು ಮೈಲಿ. ಎರಡನೆಯದು ಎಷ್ಟು ಬಂತು, ಅದರಿಂದ ಒಂದು ಎಕರೆ ಎಷ್ಟು ಗುಂಟೆಯಾಗಿ ಕಾಣುತ್ತದೆ ಎಂದು ಲೆಕ್ಕ ಹಾಕಲಿ.

ಉತ್ತರ ಬರೆಯುವಾಗ ಏಕಮಾನದ ಹೆಸರು ಬರೆಯದಿದ್ದರೆ ಅಂಕ ಕಳೆಯುತ್ತೇವೆ. ಅದು ಸರಿಯಾದ ಪದ್ಧತಿ. ಆದರೆ ಹಳೆಯ ದಾಖಲೆಗಳನ್ನು ಓದುವಾಗ ಹೆಸರೊಂದೇ ಸಾಲದು. ಯಾರ ಪಾಯಿಂಟ್, ಯಾವ ವರ್ಷದ ಅಡಿ, ಎಷ್ಟು ಅಡಿಯ ಸರಪಳಿ ಎಂಬುದನ್ನೂ ಕೇಳಬೇಕು. ಅದು ಗೊತ್ತಾದ ಮೇಲೆ ಉಳಿಯುವುದು ಗುಣಾಕಾರ ಮಾತ್ರ.